ಎಣ್ಣೆ ಕೆಡಿಸುವವರು

"ತುಟಿ ಮುಂದಕ್ಕೆ ಮಾಡೇ ಮುಂಡೇದೇ. ನಿನಗೇನು ಮುತ್ತು ಕೊಡೋಕೆ ಬಂದಿದೀನಾ ನಾನು?"

ಮೇಸ್ತ್ರಿಯ ಎಡಗೈಯಲ್ಲಿ ತೆಳ್ಳನೆಯ ಬಿಳಿ ಕಾಗದದ ಕಟ್ಟು ಇತ್ತು. ಗಿಡ್ಡಿ ಕಣ್ಣು ಮುಚ್ಚಿ ತುಟಿ ಮುಂದಕ್ಕೆ ಮಾಡಿದಳು. ಅವನು ಒಂದು ಹಾಳೆ ಕಿತ್ತು ಅವಳ ಬಾಯಿಗೆ ಒತ್ತಿ, ಹೆಬ್ಬೆರಳಿನಲ್ಲಿ ಈ ಮೂಲೆಯಿಂದ ಆ ಮೂಲೆಯವರೆಗೆ ತಿಕ್ಕಿ, ಬಾಗಿಲ ಬೆಳಕಿಗೆ ಎತ್ತಿ ಹಿಡಿದ. ಹಾಳೆಯ ನಡುವೆ ಕಡಲೆಕಾಳಿನಷ್ಟು ಅಗಲದ ಒಂದು ಕಲೆ. ಆ ಕಲೆಯ ಮೂಲಕ ಆಚೆ ಬದಿಯ ಅವನ ಬೆರಳು ಕಾಣುತ್ತಿತ್ತು.

"ಏನು ತಿಂದೆ?"

"ಏನೂ ಇಲ್ಲ."

"ಏನೂ ತಿನ್ನದೆ ಕಾಗದಕ್ಕೆ ಎಣ್ಣೆ ಹತ್ತುತ್ತೇನೇ? ನಿಮ್ಮಪ್ಪ ನಿನ್ನ ಬಾಯಲ್ಲಿ ಗಾಣ ಇಟ್ಟು ಹೋಗಿದಾನಾ?"

"ಒಂದು ಚೂರು ರೊಟ್ಟಿ. ಬಾಣಲೆಯಿಂದ ಹಾರಿ ಬಂದು ಬಾಯಿಗೆ ಬಿತ್ತು ಮೇಸ್ತ್ರಿ. ನಾನು ಉಗಿಯೋಣ ಅಂದ್ಕೊಂಡೆ. ಅಷ್ಟರಲ್ಲಿ ಅದೇ ಒಳಗೆ ಹೋಯ್ತು."

ಸಾಲಿನಲ್ಲಿ ನಿಂತಿದ್ದ ಹನ್ನೆರಡು ಹೆಂಗಸರು ಕಿಸಕ್ಕೆಂದು ನಕ್ಕರು. ನಗಬಾರದಿತ್ತು. ಮೇಸ್ತ್ರಿಗೆ ಕಳ್ಳತನವನ್ನಾದರೂ ತಡೆದುಕೊಳ್ಳಬಹುದು, ನಗು ಆಗಿಬರುತ್ತಿರಲಿಲ್ಲ. ಗಿಡ್ಡಿಯ ಕೊರಳಿನಿಂದ ಕೆಲಸದ ಚೀಟಿಯನ್ನು ದಾರಸಮೇತ ಎಳೆದುಕೊಂಡು, ನಾಳೆಯಿಂದ ಗೇಟಿನ ಹತ್ತಿರ ನೆರಳು ಕಂಡರೂ ಕಾಲು ಮುರಿಯುತ್ತೇನೆ ಎಂದ. ಗಿಡ್ಡಿ ಅಳಲಿಲ್ಲ. ಅವನ ಕಟ್ಟಿನಿಂದಲೇ ಇನ್ನೊಂದು ಹಾಳೆ ಕಿತ್ತುಕೊಂಡು ಬಾಯಿಯನ್ನು ಚೆನ್ನಾಗಿ ಒರೆಸಿ, ಅದನ್ನು ಮಡಚಿ ಅವನ ಜೇಬಿಗೆ ಇಟ್ಟಳು.

"ನಿಮ್ಮ ಎಣ್ಣೆ ನಿಮಗೇ ವಾಪಸ್" ಎಂದು ಹೇಳಿ ಹೋದಳು.

ಮುಂದಿನವಳು ಸೌಟಕ್ಕ. ನಮ್ಮ ಕಥೆ ಇವಳದು. ಉದ್ದನೆಯ ಸೌಟು ಯಾವಾಗಲೂ ಕೈಯಲ್ಲಿರುತ್ತಿದ್ದುದರಿಂದ ಆ ಹೆಸರು. ಮನೆಯಲ್ಲಿ ಕರೆಯುವ ಹೆಸರು ಬೇರೆ ಇತ್ತು, ಆದರೆ ಅದನ್ನು ಕರೆಯುವ ಗಂಡ ದೂರದ ರಸ್ತೆ ಕೆಲಸಕ್ಕೆ ಹೋಗಿ ಆರು ತಿಂಗಳಿಗೊಮ್ಮೆ ಬರುತ್ತಿದ್ದ.

"ಜೇನು ಕಿತ್ತವನು ಕೈ ನೆಕ್ಕದೆ ಇರ್ತಾನಾ ಮೇಸ್ತ್ರಿ? ಒಂದು ಚೂರು ರೊಟ್ಟಿಗೆ ಹೊಟ್ಟೆ ಮೇಲೆ ಹೊಡೆದ್ರಲ್ಲ" ಎಂದಳು.

"ನೆಕ್ಕಿದ ಕೈ ಕತ್ತರಿಸ್ತೀನಿ. ಬಾಯಿ ಮುಚ್ಕೊಂಡು ತುಟಿ ತೋರಿಸು."

ಬಾಯಿ ಮುಚ್ಚಿಕೊಂಡೇ ತುಟಿ ತೋರಿಸಿದಳು. ಕಾಗದ ಹೋದ ಹಾಗೆಯೇ ವಾಪಸು ಬಂತು, ಒಣ ಒಣ. ದಿನವಿಡೀ ಎಣ್ಣೆಯ ಹೊಗೆಯಲ್ಲಿ ನಿಂತವಳ ತುಟಿ ಒಡೆದು ಸಿಪ್ಪೆ ಏಳುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಆ ಮಾತು ಕಟ್ಟಿದವನು ಈ ಶೆಡ್ಡನ್ನು ನೋಡಿರಲಿಲ್ಲ.

ಇಷ್ಟಕ್ಕೂ ಅಲ್ಲಿ ನಡೆಯುತ್ತಿದ್ದ ಕೆಲಸವೇನು ಎಂದು ಕೇಳುತ್ತೀರಿ. ಹೇಳಿದರೆ ನಂಬುವುದು ಕಷ್ಟ. ಒಳ್ಳೆಯ ಎಣ್ಣೆಯನ್ನು ಕೆಡಿಸುವುದು.

ತಗಡಿನ ಮಾಡಿನ ಕೆಳಗೆ ಆರು ಬಾಣಲೆ. ಒಂದೊಂದರಲ್ಲೂ ಎಮ್ಮೆ ಮಲಗಬಹುದು. ವಾರಕ್ಕೊಮ್ಮೆ ಟ್ಯಾಂಕರ್ ಬಂದು ಹೊಚ್ಚ ಹೊಸ ಎಣ್ಣೆ ಇಳಿಸುತ್ತಿತ್ತು, ತಿಳಿ ಹಳದಿ, ತಳದಲ್ಲಿ ಸೂಜಿ ಬಿದ್ದರೂ ಕಾಣುವಂಥದ್ದು. ಹೆಂಗಸರು ಅದನ್ನು ಕಾಯಿಸಿ, ಬೇಕರಿಯಿಂದ ಮೂಟೆಗಟ್ಟಲೆ ಬಂದ ಹಳಸಲು ರೊಟ್ಟಿ, ಮೆತ್ತಗಾದ ಆಲೂಗಡ್ಡೆ, ಈರುಳ್ಳಿ ಸಿಪ್ಪೆ ಎಲ್ಲವನ್ನೂ ಅದರಲ್ಲಿ ಹಾಕಿ ಕರಿಯಬೇಕು. ಮೊದಲು ಹೊಂಬಣ್ಣ ಬರುತ್ತದೆ. ಆಗ ತೆಗೆಯಬಾರದು. ಕೆಂಪಾಗುತ್ತದೆ. ಆಗಲೂ ತೆಗೆಯಬಾರದು. ಕರ್ರಗೆ ಇದ್ದಿಲಾಗಿ ಕಣ್ಣುರಿಯುವ ಹೊಗೆ ಬಂದಾಗ ತೆಗೆದು ಗುಂಡಿಗೆ ಸುರಿದು ಬೂದಿ ಮುಚ್ಚಬೇಕು. ಹೀಗೆ ಮೂರು ಸಲ. ಆಮೇಲೆ ಒಂದು ಹಿಡಿ ಹಿಟ್ಟು, ಒಂದಿಷ್ಟು ಉಪ್ಪು. ಕಿಟಕಿಗೆ ನೇತುಹಾಕಿದ್ದ ಮಾದರಿ ಬಾಟಲಿಯ ಕೊಳೆ ಬಣ್ಣಕ್ಕೂ ಬಾಣಲೆಯ ಬಣ್ಣಕ್ಕೂ ತಾಳೆಯಾದರೆ ಡ್ರಮ್ಮಿಗೆ ತುಂಬಿ, 'ಬಳಸಿ ಉಳಿದ ಅಡುಗೆ ಎಣ್ಣೆ' ಎಂಬ ಚೀಟಿ ಅಂಟಿಸಬೇಕು.

ಸೌಟಕ್ಕನಿಗೆ ಮೊದಲ ದಿನ ಇದು ಅರ್ಥವಾಗಿರಲಿಲ್ಲ. ಹೊಂಬಣ್ಣ ಬಂದ ಕೂಡಲೇ ರೊಟ್ಟಿ ತೆಗೆದುಬಿಟ್ಟಿದ್ದಳು. ಹುಟ್ಟುಬುದ್ಧಿ. ಮೇಸ್ತ್ರಿ ಬೈದು, ನೀನಿಲ್ಲಿ ಅಡುಗೆ ಮಾಡೋಕೆ ಬಂದಿಲ್ಲ, ಕೆಡಿಸೋಕೆ ಬಂದಿರೋದು ಎಂದು ಬುದ್ಧಿ ಹೇಳಿದ್ದ. ಅದನ್ನು ಅರ್ಥ ಮಾಡಿಸಿದವನು ಟ್ಯಾಂಕರಿನ ಡ್ರೈವರ್. ನೆಲದಿಂದ ತೆಗೆದ ಡೀಸೆಲ್ ಸುಟ್ಟು ಸುಟ್ಟು ಭೂಮಿ ಕಾದಿದೆಯಂತೆ. ಅದಕ್ಕೆ ಅಡುಗೆಮನೆಯಲ್ಲಿ ಉಳಿದ ಕೊಳೆ ಎಣ್ಣೆಯಿಂದ ಬಸ್ಸು ಓಡಿಸಿದರೆ ಪುಣ್ಯದ ಕೆಲಸವಂತೆ. ಎಲ್ಲರೂ ಪುಣ್ಯಕ್ಕೆ ಮುಗಿಬಿದ್ದು, ಕೊಳೆ ಎಣ್ಣೆಗೆ ಹೊಸ ಎಣ್ಣೆಗಿಂತ ಹೆಚ್ಚು ಬೆಲೆ ಬಂದಿದೆ. ಊರಿನವರೆಲ್ಲ ಹೊಟ್ಟೆ ಒಡೆಯುವಷ್ಟು ಕರಿದು ತಿಂದರೂ ಅಷ್ಟು ಕೊಳೆ ಎಣ್ಣೆ ಸಿಗುವುದಿಲ್ಲ. ಹಾಗಾಗಿ ಹೊಸದನ್ನೇ ಹಳೆಯದು ಮಾಡುವುದು.

"ಈ ಎಣ್ಣೆ ಬರೋ ಕಡೆ ಕಾಡು ಕಡಿದು ತಾಳೆ ನೆಟ್ಟಿದಾರೆ. ಹಡಗಲ್ಲಿ ಬರುತ್ತೆ, ಆಮೇಲೆ ನನ್ನ ಟ್ಯಾಂಕರಲ್ಲಿ. ಬರೋ ದಾರೀಲಿ ನನ್ನ ಗಾಡಿ ಕುಡಿಯೋದೇನು ಗೊತ್ತಾ? ಡೀಸೆಲ್ಲು" ಎಂದು ಹೇಳಿ ಅವನು ಬಿದ್ದು ಬಿದ್ದು ನಕ್ಕಿದ್ದ.

ಶೆಡ್ಡಿನ ಮುಂದಿನ ರಸ್ತೆಯಲ್ಲಿ ಹಸಿರು ಬಸ್ಸು ಹೋಗುತ್ತಿತ್ತು. ಮೈತುಂಬ ಒಂದು ದೊಡ್ಡ ಎಲೆಯ ಚಿತ್ರ, ಅದರಡಿ 'ನಾನು ನಿಮ್ಮ ಅಡುಗೆಮನೆಯ ಕಸದಿಂದ ಓಡುತ್ತೇನೆ' ಎಂಬ ಬರಹ. ಅದನ್ನು ಕಂಡಾಗಲೆಲ್ಲ ಹೆಂಗಸರು, ಅಗೋ ನಮ್ಮ ರೊಟ್ಟಿ ಓಡ್ತಿದೆ ಎನ್ನುತ್ತಿದ್ದರು.

ಗುಂಡಿಗೆ ಹೋಗುವ ರೊಟ್ಟಿಯನ್ನು ಹೆಂಗಸರು ತಿಂದರೆ ಮೇಸ್ತ್ರಿಯ ಗಂಟೇನು ಹೋಗುತ್ತಿತ್ತು? ಕರಿದದ್ದು ಹೊರಗೆ ಹೋದರೆ ಅದರ ಹಿಂದೆಯೇ ಗುಟ್ಟೂ ಹೋಗುತ್ತದೆ ಎಂಬುದು ಧಣಿಯ ಲೆಕ್ಕಾಚಾರ. ಅದಕ್ಕೇ ಆ ಕಾಗದ. ಮಧ್ಯಾಹ್ನ ಒಂದಕ್ಕೆ ಸೈರನ್ ಕೂಗಿದರೆ ಹೆಂಗಸರು ಕೈ ಒರೆಸಿಕೊಂಡು ಸಾಲು ನಿಲ್ಲಬೇಕು, ಸಂಜೆ ಮತ್ತೊಮ್ಮೆ. ಮೇಸ್ತ್ರಿ ಈ ಒಂದು ಕೆಲಸಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ.

ಗಿಡ್ಡಿ ಹೋದ ಮೂರನೇ ದಿನ ಧಣಿ ಸೌಟಕ್ಕನನ್ನು ಕರೆಸಿದ.

ಗಾಜಿನ ಕೋಣೆ, ತಣ್ಣನೆ ಗಾಳಿ, ನೆಲಕ್ಕೆ ಹುಲ್ಲಿನ ಬಣ್ಣದ ಜಮಖಾನೆ. ಅವಳು ಒಳಗೆ ಕಾಲಿಡುವ ಮೊದಲೇ ಧಣಿ ಕೈ ಅಡ್ಡ ಹಿಡಿದ. ಮೇಸ್ತ್ರಿ ಓಡಿಬಂದು ಹಳೆಯ ಪತ್ರಿಕೆಯ ಎರಡು ಹಾಳೆ ಹಾಸಿ, ಇದರ ಮೇಲೆ ನಿಲ್ಲು, ಆಚೆ ಈಚೆ ಆಗಬೇಡ ಎಂದ. ಅವಳು ಒಬ್ಬ ಮಂತ್ರಿಯ ಮುಖದ ಮೇಲೆ ಎಣ್ಣೆ ಕಾಲಿಟ್ಟು ನಿಂತಳು. ಹಾಗೆ ನಿಂತಿದ್ದರಲ್ಲಿ ಸ್ವಲ್ಪ ಸಮಾಧಾನವಿತ್ತು.

"ನೀನು ಮಾಡ್ತಿರೋದು ಭೂಮಿ ಉಳಿಸೋ ಕೆಲಸ, ಗೊತ್ತೇನಮ್ಮ?" ಎಂದ ಧಣಿ.

ಗೊತ್ತಿರಲಿಲ್ಲ ಎಂದಳು. ಗೊತ್ತಿದ್ದರೆ ಇನ್ನೂ ಸ್ವಲ್ಪ ಚೆನ್ನಾಗಿ ಕೆಡಿಸುತ್ತಿದ್ದೆ ಎಂದು ಸೇರಿಸಬೇಕೆನಿಸಿತು.

ಧಣಿ ಒಂದು ಪಟ್ಟಿ ಮುಂದೆ ತಳ್ಳಿದ. ಶೆಡ್ಡಿಗೆ ಕೊಳೆ ಎಣ್ಣೆ ಕೊಡುವ ಅಂಗಡಿಗಳ ಪಟ್ಟಿಯಂತೆ. ಸೌಟಕ್ಕ ಬೆರಳಿಟ್ಟು ಓದಿದಳು. ಮುಚ್ಚಿಹೋದ ಎರಡು ಹೋಟೆಲು. ಬರೀ ಚಹಾ ಮಾರುವ ಒಂದು ಗೂಡು. ಒಂದು ಕ್ಷೌರದಂಗಡಿ, ತಿಂಗಳಿಗೆ ಹನ್ನೆರಡು ಡಬ್ಬ. ಅದರ ಕೆಳಗೆ 'ಅತ್ತೆ ಅಂಗಡಿ, ಬಸ್ ನಿಲ್ದಾಣದ ಮೂಲೆ, ತಿಂಗಳಿಗೆ ನಲವತ್ತು ಡಬ್ಬ.'

ಅತ್ತೆ ಅಂಗಡಿ ಎಂದರೆ ಅವಳ ಅತ್ತೆಯದೇ ಅಂಗಡಿ. ಇಪ್ಪತ್ತೆಂಟು ವರ್ಷ ಆಲೂಗಡ್ಡೆ ಬಿಲ್ಲೆ, ಹಿಟ್ಟಿನ ಉಂಡೆ ಕರಿದು ಮಾರಿದ ಅಂಗಡಿ. ಎಣ್ಣೆಯ ಬೆಲೆ ಏರಿದಾಗ ಉಂಡೆ ಮೊದಲು ನಿಂಬೆಕಾಯಿ ಆಯಿತು, ಆಮೇಲೆ ಗೋಲಿ ಆಯಿತು, ಕೊನೆಗೆ ಅಂಗಡಿಗೇ ಬೀಗ ಬಿತ್ತು. ಎಣ್ಣೆಯಂಗಡಿಯವನು, ಏನು ಮಾಡಲಿ ಅಜ್ಜಿ, ಈಗ ಬಸ್ಸುಗಳೂ ಎಣ್ಣೆ ಕುಡಿಯೋಕೆ ಕಲಿತಿವೆ ಎಂದಿದ್ದ. ಅಂಗಡಿ ಮುಚ್ಚಿದ್ದಕ್ಕೇ ಸೌಟಕ್ಕ ಈ ಶೆಡ್ಡಿಗೆ ಬಂದದ್ದು. ಬಾಣಲೆಯಿಂದ ಬೆಂಕಿಗೆ ಎನ್ನುತ್ತಾರೆ, ಇವಳು ಸಣ್ಣ ಬಾಣಲೆಯಿಂದ ದೊಡ್ಡ ಬಾಣಲೆಗೆ ಬಿದ್ದಿದ್ದಳು.

ಎಣ್ಣೆ ಕೊಳ್ಳುವವರ ಕಡೆಯಿಂದ ತಪಾಸಣೆಗೆ ಒಬ್ಬ ಮೇಡಂ ಬರುತ್ತಾಳೆ, ಪಟ್ಟಿಯಲ್ಲಿ ಒಂದಾದರೂ ಅಂಗಡಿಯನ್ನು ಕಣ್ಣಾರೆ ನೋಡಬೇಕು ಎಂದಿದ್ದಾಳೆ, ಎಂದ ಧಣಿ. ಅತ್ತೆ ಅಂಗಡಿಯನ್ನು ಒಂದು ದಿನದ ಮಟ್ಟಿಗೆ ತೆರೆಯುವುದು. ಎಣ್ಣೆ, ಆಲೂಗಡ್ಡೆ, ಹಿಟ್ಟು ಎಲ್ಲ ಅವನದು. ಶೆಡ್ಡಿನ ಹೆಂಗಸರಿಗೆ ಅವತ್ತು ಗಿರಾಕಿಗಳ ವೇಷ. ಮುದುಕಿ ಬಾಯಿ ತೆರೆದು ಹೇಳಬೇಕಾದದ್ದು ಒಂದೇ ಮಾತು, ನಲವತ್ತು ಡಬ್ಬ ಕೊಡ್ತೀನಿ ಅಂತ. ಆಮೇಲೆ ಅವಳೂ ಹೆಂಗಸರೂ ಒಂದು ಹೇಳಿಕೆಗೆ ಹೆಬ್ಬೆಟ್ಟು ಒತ್ತಬೇಕು. ಆ ಮೇಡಂ ಒಪ್ಪಿದರೆ ಇನ್ನೂ ಹನ್ನೆರಡು ಬಾಣಲೆ ಬರುತ್ತವೆ, ಅಷ್ಟಕ್ಕೂ ಸೌಟಕ್ಕನೇ ಯಜಮಾನಿ.

"ಗಿಡ್ಡೀನ ವಾಪಸ್ ತಗೊಳ್ತೀರಾ?" ಎಂದು ಕೇಳಿದಳು.

"ಅದ್ಯಾವಳು?"

"ರೊಟ್ಟಿ ಬಾಯಿಗೆ ಹಾರಿತ್ತಲ್ಲ ಧಣಿ" ಎಂದ ಮೇಸ್ತ್ರಿ.

"ಓ. ಆಗಲಿ, ತಗೊಳ್ಳೋಣ. ಆದ್ರೆ ಕೇಳಿಸ್ಕೋ. ಮುದುಕಿ ಏನಾದ್ರೂ ಎಡವಟ್ಟು ಮಾತಾಡಿದ್ಳೋ, ನಿನ್ನ ಚೀಟೀನೂ ಹೋಯ್ತು ಅಂತಲೇ ತಿಳ್ಕೋ."

ಮನೆಯಲ್ಲಿ ದುಡಿಯುವುದು ಅವಳೊಬ್ಬಳೇ. ಗಂಡ ತರುವುದು ಅವನ ದಾರಿ ಖರ್ಚಿಗೇ ಸಾಲುತ್ತಿರಲಿಲ್ಲ. ಹೂಂ ಎಂದಳು. ಅವಳು ಹೊರಟ ಮೇಲೆ ಮೇಸ್ತ್ರಿ ಪತ್ರಿಕೆಯ ಹಾಳೆಗಳನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು ಹೋದ.

ಅತ್ತೆ ಸೊಸೆಯದು ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ ಸಂಬಂಧ. ಅತ್ತೆಗೆ ಸೊಸೆಯ ಸೌಟು ಹಿಡಿಯುವ ರೀತಿಯೇ ಸರಿಯಿಲ್ಲ. ಸೊಸೆಗೆ ಅತ್ತೆಯ ಬಾಯಿ ಹಿಡಿತದಲ್ಲಿಲ್ಲ. ಅಂಥವಳಿಗೆ ನಲವತ್ತು ಡಬ್ಬದ ಸುದ್ದಿ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಹೆದರಿ, ಕೊನೆಗೆ ಹೊಸಿಲಲ್ಲೇ ನಿಂತು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಅತ್ತೆ ಬಟಾಣಿ ಸುಲಿಯುವುದನ್ನು ನಿಲ್ಲಿಸಿದಳು.

"ನಲವತ್ತು ಡಬ್ಬ ಎಣ್ಣೆ ಉಳಿಸಿ ಚೆಲ್ತಿದ್ನಾ ನಾನು? ಯಾವ ಬೋಳಿಮಗ ಬರೆದದ್ದು ಅದನ್ನ? ನನ್ನ ಅಂಗಡೀಲಿ ಉಳಿದ ಎಣ್ಣೆ ಅಂತ ಯಾವತ್ತಾದ್ರೂ ನೋಡಿದೀಯೇನೇ ನೀನು?"

ಸೊಸೆ ನೋಡಿರಲಿಲ್ಲ. ದಿನ ಮುಗಿಯುವಾಗ ಬಾಣಲೆಯಲ್ಲಿ ಒಂದು ಸೌಟು ಎಣ್ಣೆ ಉಳಿದರೆ ಅದರಲ್ಲಿ ಸಿಪ್ಪೆ ಕರಿದು ಮನೆಗೆ ತರುತ್ತಿದ್ದಳು ಅತ್ತೆ. ಆಮೇಲೂ ಉಳಿದರೆ ಅಂಗಡಿಯ ಕದದ ತಿರುಗಣಿಗೆ, ಕೈಗಾಡಿಯ ಚಕ್ರಕ್ಕೆ, ಪಕ್ಕದ ಚಪ್ಪಲಿ ಹೊಲಿಯುವವನ ತೊಗಲಿಗೆ. ಕಡೆಗೆ ಒಂದು ತುಂಡು ರೊಟ್ಟಿಯಿಂದ ಬಾಣಲೆ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಬಾಣಲೆ ತೊಳೆದ ನೀರಿನಲ್ಲಿ ಜಿಡ್ಡು ಕಂಡರೆ ಅವತ್ತೆಲ್ಲ ಸಿಡುಕು.

ಅತ್ತೆ ಉಗಿದು ಉಗಿದು ದಣಿದಳು. ಆಮೇಲೆ, ಅಂಗಡಿ ನಿಜವಾಗ್ಲೂ ತೆಗೀತಾರಾ ಎಂದು ಕೇಳಿದಳು. ತೆಗೆಯುತ್ತಾರೆ. ಎಣ್ಣೆ ಹೊಸದಾ? ಹೊಸದು. ಎಷ್ಟು? ಇಪ್ಪತ್ತು ಡಬ್ಬ. ಎರಡು ವರ್ಷದಿಂದ ಕಾಣದಿದ್ದ ಒಂದು ಕಳೆ ಮುದುಕಿಯ ಮುಖಕ್ಕೆ ಬಂತು. ಸೊಸೆಗೆ ಅದನ್ನು ನೋಡಿ ಸಂತೋಷವಾಯಿತು.

"ಎಣ್ಣೆ ಬಂದಾಗ ಕಣ್ಣು ಮುಚ್ಕೋಬಾರದು ಕಣೇ. ನನ್ನ ಜಾಲರಿ ಸೌಟು ಎಲ್ಲಿಟ್ಟಿದೀಯ ನೋಡು."

"ಮೇಡಂ ಕೇಳಿದ್ರೆ ಏನು ಹೇಳ್ತೀರಿ ಅತ್ತೆ?"

"ಬಾಯಿಗೆ ಬಂದದ್ದು ಹೇಳ್ತೀನಿ."

ಅದೇ ಸೌಟಕ್ಕನ ಹೆದರಿಕೆ.

ಆ ದಿನ ಬೆಳಿಗ್ಗೆ ಮೇಸ್ತ್ರಿಯೇ ಪೊರಕೆ ಹಿಡಿದು ಅಂಗಡಿ ಗುಡಿಸಿದ. ಹೆಂಗಸರಿಗೆ ಅದೊಂದೇ ನೋಟ ಸಾಕಿತ್ತು. ಒಬ್ಬಳು, ಮೂಲೇಲಿ ಬಿಟ್ಟಿದೀರಿ ಮೇಸ್ತ್ರಿ ಎಂದಳು. ಕದ ತೆರೆದಾಗ ಬೀದಿಗೆಲ್ಲ ಕೇಳುವ ಹಾಗೆ ಕಿರುಗುಟ್ಟಿತು. ಹೊಸ ಎಣ್ಣೆಯ ಇಪ್ಪತ್ತು ಡಬ್ಬಗಳನ್ನು ಪರದೆಯ ಹಿಂದೆ ಅಡಗಿಸಿದರು. ಶೆಡ್ಡಿನಲ್ಲಿ ಕೆಡಿಸಿದ ಎಣ್ಣೆಯ ಎರಡು ಡ್ರಮ್ಮುಗಳನ್ನು ಎಲ್ಲರಿಗೂ ಕಾಣುವಂತೆ ಮುಂದೆ ನಿಲ್ಲಿಸಿದರು. ಇಲ್ಲಿಂದ ಶೆಡ್ಡು ಕೂಗಳತೆ ದೂರ, ಅದರ ಹೊಗೆಕೊಳವೆ ಕಾಣುತ್ತಿತ್ತು.

ಅತ್ತೆ ಒಲೆ ಹೊತ್ತಿಸಿದಳು. ಚಿಟಿಕೆ ಹಿಟ್ಟು ಹಾಕಿ ನೋಡಿದಳು, ಅದು ಮೇಲಕ್ಕೆ ಎದ್ದು ಬರುವವರೆಗೂ ಕಾದಳು. ಆಮೇಲೆ ಶುರು. ಒಂದು ಸುತ್ತು ಬಿಲ್ಲೆ ತೆಗೆದ ಕೂಡಲೇ ಜಾಲರಿಯಿಂದ ಒಂದೊಂದು ಚೂರನ್ನೂ ಹೆಕ್ಕುತ್ತಿದ್ದಳು. ಮೇಸ್ತ್ರಿ ಕಿವಿಯ ಹತ್ತಿರ ಬಂದು, ಅಜ್ಜಿ, ಎಣ್ಣೆ ಸ್ವಲ್ಪ ಕೆಡಲಿ, ಹೀಗೆ ತಿಳಿಯಾಗಿದ್ರೆ ಹೇಗೆ ಎಂದ. ಅವಳು ತಲೆಯೆತ್ತಲಿಲ್ಲ.

"ಕೆಡಿಸೋಕೆ ನನ್ನ ಕೈ ಬರೋದಿಲ್ಲ ಕಣಪ್ಪ. ನಿನ್ನ ಕೈ ಬೇಕಾದ್ರೆ ಬಾಣಲೆಗೆ ಅದ್ದು, ತಕ್ಷಣ ಕೆಡುತ್ತೆ."

ಗಿರಾಕಿಗಳ ವೇಷ ಹಾಕಿದ ಹೆಂಗಸರು ಬೆಂಚಿನ ಮೇಲೆ ಕೂತಿದ್ದರು. ಗಿಡ್ಡಿಯೂ ಬಂದಿದ್ದಳು. ತಟ್ಟೆಗಳು ಮುಂದೆ ಬಂದಾಗ ಒಬ್ಬರೂ ಕೈ ಹಾಕಲಿಲ್ಲ, ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು. ತಿನ್ರೇ, ಇವತ್ತು ತಿನ್ನೋದೇ ಕೆಲಸ ಎಂದು ಅವನು ಹಲ್ಲು ಕಚ್ಚಿ ಹೇಳಿದ. ಎರಡು ವರ್ಷ ಕರಿದವರು ಆವತ್ತು ಮೊದಲ ಸಲ ತಿಂದರು. ಮೊದಲು ಮೆಲ್ಲಗೆ, ಆಮೇಲೆ ಎರಡೂ ಕೈಯಿಂದ. ಕರುಮುರು ಸದ್ದು ಬೀದಿಯ ಆಚೆ ಬದಿಗೂ ಕೇಳಿಸಿತು. ಒಬ್ಬಳಿಗೆ ಕಣ್ಣಲ್ಲಿ ನೀರು ಬಂತು, ಬಿಸಿ ಇದೆ ಅಷ್ಟೇ ಎಂದಳು. ಹಸಿರು ಬಸ್ಸು ನಿಲ್ದಾಣಕ್ಕೆ ಬಂದದ್ದು ಹೊರಡಲಿಲ್ಲ. ಡ್ರೈವರ್ ಇಳಿದ, ಅವನ ಹಿಂದೆ ಪ್ರಯಾಣಿಕರು ಇಳಿದರು. ವೇಷದ ಗಿರಾಕಿಗಳ ನಡುವೆ ನಿಜವಾದ ಗಿರಾಕಿಗಳು ತುಂಬಿಕೊಂಡರು. ಅತ್ತೆ ಹಾಡು ಗುನುಗುತ್ತಿದ್ದಳು. ಇವಳಿಗೆ ಹಾಡು ಬರುತ್ತದೆ ಎಂದು ಸೊಸೆಗೆ ಗೊತ್ತೇ ಇರಲಿಲ್ಲ.

ಒಂದು ಗಂಟೆಗೆ ಇನ್ನು ಸ್ವಲ್ಪವೇ ಇದೆ ಎನ್ನುವಾಗ ಧಣಿಯ ಕಾರು ಬಂತು. ತಪಾಸಣೆಯ ಮೇಡಂ ಕನ್ನಡಕದ ಹೆಂಗಸು, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದಗಳು. ಜನ ನೋಡಿ ಅವಳ ಮುಖ ಅರಳಿತು. ಅತ್ತೆ ಏನೂ ಕೇಳದೆ ಒಂದು ತಟ್ಟೆ ಕೊಟ್ಟಳು. ಬೇಡ ಎನ್ನುತ್ತಲೇ ಮೇಡಂ ಒಂದು ತಿಂದಳು, ಆಮೇಲೆ ಬೇಡ ಎನ್ನದೆ ನಾಲ್ಕು ತಿಂದಳು. ಬಹಳ ಚೆನ್ನಾಗಿದೆ, ಇಷ್ಟು ವ್ಯಾಪಾರ ಇದ್ದರೆ ದಿನದ ಕೊನೆಗೆ ಹಳೆಯ ಎಣ್ಣೆ ಎಷ್ಟು ಉಳಿಯುತ್ತೆ ಅಜ್ಜಿ ಎಂದು ಕೇಳಿದಳು.

ಸೌಟಕ್ಕ ಬಡಿಸುತ್ತಿದ್ದ ತಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತಳು.

ಅತ್ತೆ ಯೋಚಿಸಿದಳು. ಬಾಣಲೆಯ ತಳದಲ್ಲಿ ಉಳಿದಿದ್ದ ಎಣ್ಣೆಯನ್ನು ಸೌಟಿಗೆ ತೆಗೆದುಕೊಂಡಳು. ಸೌಟೂ ತುಂಬಲಿಲ್ಲ. ಅದನ್ನು ತಣಿಸುತ್ತ ಮೆಲ್ಲಗೆ ನಡೆದು ಹೋಗಿ ಕದದ ತಿರುಗಣಿಗಳಿಗೆ ತೊಟ್ಟು ತೊಟ್ಟಾಗಿ ಬಿಟ್ಟು, ಕದವನ್ನು ಹಿಂದೆ ಮುಂದೆ ಆಡಿಸಿದಳು. ಕಿರುಗುಟ್ಟುತ್ತಿದ್ದ ಕದ ಸುಮ್ಮನಾಯಿತು.

"ಇಷ್ಟು" ಎಂದಳು.

ಧಣಿ ಗಟ್ಟಿಯಾಗಿ ನಕ್ಕ. ವಯಸ್ಸಾಗಿದೆ ಮೇಡಂ, ಅರಳುಮರಳು, ತಮಾಷೆ ಜಾಸ್ತಿ, ಲೆಕ್ಕವೆಲ್ಲ ಸೊಸೆಯೇ ನೋಡ್ಕೊಳ್ಳೋದು ಎಂದು ಸೌಟಕ್ಕನ ಕಡೆ ಕಣ್ಣು ಮಾಡಿದ. ಮೇಡಂ ಅವಳತ್ತ ತಿರುಗಿದಳು. ಧಣಿ, ಮೇಸ್ತ್ರಿ, ಗಿಡ್ಡಿ, ಎಲ್ಲರೂ ಅವಳತ್ತ ತಿರುಗಿದರು. ನಲವತ್ತು ಎಂಬುದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಹೊಟ್ಟೆಗೆ ತೊಂದರೆಯಿರಲಿಲ್ಲ. ಎದುರಿಗೆ ಅತ್ತೆ ಜಾಲರಿ ಹಿಡಿದು ನಿಂತಿದ್ದಳು.

ಅಷ್ಟರಲ್ಲಿ ಶೆಡ್ಡಿನ ಸೈರನ್ ಕೂಗಿತು. ಅಲ್ಲಿನ ಕಾವಲುಗಾರನಿಗೆ ತಪಾಸಣೆಯೂ ಗೊತ್ತಿಲ್ಲ, ವೇಷವೂ ಗೊತ್ತಿಲ್ಲ. ಒಂದು ಗಂಟೆಯಾಯಿತು, ಗುಂಡಿ ಒತ್ತಿದ.

ಮುಂದಿನದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಅಭ್ಯಾಸ ಎಂಬುದು ಹಾಗೆ. ಹೆಂಗಸರು ತಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು, ಎದ್ದು ಸಾಲಾಗಿ ನಿಂತರು. ಸೌಟಕ್ಕನೂ ನಿಂತಳು. ಮೇಸ್ತ್ರಿಯ ಕೈ ಜೇಬಿಗೆ ಹೋಗಿ ಕಾಗದದ ಕಟ್ಟು ಹೊರಗೆ ತಂದಿತು. ಮೊದಲು ಸಿಕ್ಕವಳು ಗಿಡ್ಡಿ. ಅವನು ಹಾಳೆ ಕಿತ್ತು, ಅವಳ ಬಾಯಿಗೆ ಒತ್ತಿ, ತಿಕ್ಕಿ, ಬಿಸಿಲಿಗೆ ಎತ್ತಿ ಹಿಡಿದ. ಅದರಲ್ಲಿ ಈಗ ಕಲೆಯೇ ಇರಲಿಲ್ಲ, ಇಡೀ ಹಾಳೆಯೇ ಗಾಜಾಗಿತ್ತು.

"ಕಳ್ಳ ಮುಂಡೇ! ಇಷ್ಟು ಎಣ್ಣೆ ನುಂಗಿದೀಯೇನೇ?" ಎಂದು ಬೀದಿ ನಡುಗುವಂತೆ ಕಿರುಚಿದ.

ಕಿರುಚಿದ ಮೇಲೆ ಅವನಿಗೆ ತಾನೆಲ್ಲಿದ್ದೇನೆ ಎಂಬುದು ನೆನಪಾಯಿತು. ಎತ್ತಿದ ಕೈ ಹಾಗೆಯೇ ನಿಂತಿತು. ಬಸ್ಸಿನ ಡ್ರೈವರ್ ಬಾಯಿಗೆ ಹಾಕುತ್ತಿದ್ದ ಬಿಲ್ಲೆಯನ್ನು ಬಾಯಿಯ ಮುಂದೆಯೇ ಹಿಡಿದುಕೊಂಡಿದ್ದ.

"ಇದೇನು?" ಎಂದಳು ಮೇಡಂ.

"ಶುಚಿತ್ವ ಮೇಡಂ" ಎಂದ ಧಣಿ, ತಡವರಿಸದೆ. "ಊಟ ಆದ ಮೇಲೆ ನಮ್ಮ ಜನರ ಬಾಯಿ ಒರೆಸೋದು. ನಮ್ಮಲ್ಲಿ ಪದ್ಧತಿ."

ಮೇಡಂ ತಲೆಯಾಡಿಸಿ ಏನೋ ಬರೆದುಕೊಂಡಳು. ಒಳ್ಳೆಯದು ಎಂದಳು. ಸೌಟಕ್ಕನಿಗೆ ಅದು ಕೇಳಿಸಿತು. ಎರಡು ವರ್ಷದ ಒಡೆದ ತುಟಿ, ಗಿಡ್ಡಿಯ ಕೊರಳಿನಿಂದ ಕಿತ್ತ ದಾರ, ಮಂತ್ರಿಯ ಮುಖದ ಮೇಲೆ ನಿಲ್ಲಿಸಿದ ತನ್ನ ಕಾಲು, ಎಲ್ಲ ಸೇರಿ ಒಂದು ಒಳ್ಳೆಯ ಪದ್ಧತಿಯಾಗಿ ಆ ಕಾಗದದಲ್ಲಿ ಕೂತುಬಿಟ್ಟಿತು. ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೆ ನಗುವೂ ಬಂತು, ಎರಡರಲ್ಲಿ ಯಾವುದು ಮೊದಲು ಎಂದು ತಿಳಿಯಲಿಲ್ಲ.

ಮೇಡಂ ಹೇಳಿಕೆಯ ಹಾಳೆಯನ್ನು ಡ್ರಮ್ಮಿನ ಮೇಲಿಟ್ಟು ಓದಿದಳು. ಬಳಸಿ ಉಳಿದ ಎಣ್ಣೆಯನ್ನು ಮಾತ್ರ ನಾವು ಕೊಡುತ್ತೇವೆ, ಹೊಸ ಎಣ್ಣೆಯನ್ನು ಬೆರೆಸುವುದಿಲ್ಲ, ಇದಕ್ಕೆ ಕೆಳಗೆ ಗುರುತು ಹಾಕಿದವರೆಲ್ಲ ಸಾಕ್ಷಿ. ಧಣಿ ಮಸಿಯ ಪುಟ್ಟ ಡಬ್ಬಿ ತೆರೆದು ಹಿಡಿದ. ಒತ್ತಮ್ಮ ಎಂದ.

ಸೌಟಕ್ಕ ತಟ್ಟೆಯಿಂದ ಒಂದು ಬಿಸಿ ಉಂಡೆ ತೆಗೆದುಕೊಂಡಳು. ಬೆಳಗಿನಿಂದ ಬಡಿಸುವುದರಲ್ಲೇ ಆಗಿ ಅವಳೊಬ್ಬಳು ಏನೂ ತಿಂದಿರಲಿಲ್ಲ. ಅವಸರವಿಲ್ಲದೆ ಅಗಿದಳು, ನುಂಗಿದಳು. ಆಮೇಲೆ ಬಗ್ಗಿ, ಹೆಬ್ಬೆಟ್ಟು ಒತ್ತಬೇಕಾದ ಜಾಗಕ್ಕೆ ತುಟಿ ಒತ್ತಿದಳು. ಈ ಮೂಲೆಯಿಂದ ಆ ಮೂಲೆಯವರೆಗೆ, ಮೇಸ್ತ್ರಿ ತಿಕ್ಕುವ ಹಾಗೆಯೇ.

"ಇದು ನನ್ನ ಗುರುತು ಮೇಡಂ. ದಿನಾ ಎರಡು ಸಲ ಇವರು ನಮ್ಮ ತುಟಿಗೆ ಕಾಗದ ಒತ್ತಿ ನೋಡ್ತಾರೆ, ಹೊಸ ಎಣ್ಣೇಲಿ ಕರಿದದ್ದನ್ನ ಎಲ್ಲಿ ತಿಂದುಬಿಟ್ವೋ ಅಂತ. ತಿನ್ನೋದಲ್ಲ ನಮ್ಮ ಕೆಲಸ. ಹೊಸ ಎಣ್ಣೇನ ಕೆಡಿಸೋದು. ಈ ಡ್ರಮ್ಮಲ್ಲಿರೋದನ್ನ ನಾನೇ ಕೆಡಿಸಿದ್ದು, ಮೊನ್ನೆ. ಎರಡು ಮೂಟೆ ರೊಟ್ಟಿ ಸುಟ್ಟೆ ಅದಕ್ಕೆ."

"ಇವಳಿಗೆ ತಲೆ ಕೆಟ್ಟಿದೆ" ಎಂದ ಧಣಿ.

"ತಲೆ ಕೆಟ್ಟಿಲ್ಲ ಧಣಿ, ತಲೆ ಒಂದೇ ನೀವು ಕೆಡಿಸದೆ ಬಿಟ್ಟಿರೋದು" ಎಂದು ಗಿಡ್ಡಿ ಮುಂದೆ ಬಂದು ತುಟಿ ಒತ್ತಿದಳು. ಅವಳ ಕೊರಳಿಗೆ ಚೀಟಿ ಇನ್ನೂ ವಾಪಸು ಬಂದಿರಲಿಲ್ಲ, ಕಳೆದುಕೊಳ್ಳಲು ಏನೂ ಇರಲಿಲ್ಲ. ಅವಳ ಹಿಂದೆ ನಿಂತವರಿಗೆ ಚೀಟಿ ಇತ್ತು. ಒಂದು ಕ್ಷಣ ಸಾಲು ಅಲುಗಲಿಲ್ಲ. ಆಮೇಲೆ ಮೂರನೆಯವಳು ಚೀಟಿಯ ದಾರ ಕೈಗೆ ಸುತ್ತಿಕೊಂಡು ಬಗ್ಗಿದಳು, ನಾಲ್ಕನೆಯವಳು ಬಗ್ಗಿದಳು. ಸಾಲು ಅಭ್ಯಾಸದಂತೆ ಮುಂದೆ ಸರಿಯಿತು. ಕೊನೆಯಲ್ಲಿ ಅತ್ತೆಯೂ ಬಂದು, ಹಲ್ಲಿಲ್ಲದ ಬಾಯಿಯನ್ನು ಕಾಗದಕ್ಕೆ ಒತ್ತಿದಳು. ಧಣಿ ಕಿತ್ತುಕೊಳ್ಳಲು ಕೈ ಚಾಚಿದಾಗ ಬಸ್ಸಿನ ಡ್ರೈವರ್ ಸುಮ್ಮನೆ ನಡುವೆ ಬಂದು ನಿಂತ. ಅವನದು ಅಗಲವಾದ ಮೈ.

ಮೇಡಂ ಹಾಳೆಯನ್ನು ತೆಗೆದು ಬಿಸಿಲಿಗೆ ಹಿಡಿದಳು. ಓದಿದ ಸಾಲುಗಳೆಲ್ಲ ಹದಿನಾಲ್ಕು ತುಟಿಗಳಡಿ ತಿಳಿಯಾಗಿಬಿಟ್ಟಿದ್ದವು. ಅದರ ಮೂಲಕ ಹಸಿರು ಬಸ್ಸು, ಬಸ್ಸಿನ ಮೇಲಿನ ಎಲೆ, ಎಲೆಯ ಕೆಳಗೆ ಕೂತು ತಿನ್ನುತ್ತಿದ್ದ ಜನ ಎಲ್ಲ ಕಾಣುತ್ತಿತ್ತು.

"ನೀವೂ ತಿಂದಿದೀರಲ್ಲಮ್ಮ" ಎಂದಳು ಅತ್ತೆ. "ನಿಮ್ಮದೂ ಒಂದು ಒತ್ತಿಬಿಡಿ."

ಮೇಡಂನ ಬೆರಳು ತನ್ನ ತುಟಿಗೆ ಹೋಯಿತು. ಬೆರಳನ್ನು ನೋಡಿಕೊಂಡಳು. ಅವಳು ಒತ್ತುತ್ತಾಳೋ ಇಲ್ಲವೋ ಎಂದು ಇಡೀ ಬೀದಿ ನೋಡುತ್ತ ನಿಂತಿತು. ಧಣಿ ಕಾರಿನ ಕಡೆ ಹೋಗಿ ಬೆನ್ನು ತಿರುಗಿಸಿ ಯಾರ ಜೊತೆಯೋ ಫೋನಿನಲ್ಲಿ ಪಿಸುಗುಟ್ಟುತ್ತಿದ್ದ. ನಾಳೆಗೆ ಚೀಟಿ ಇರುವುದಿಲ್ಲ ಎಂಬುದು ಸೌಟಕ್ಕನಿಗೆ ಗೊತ್ತಿತ್ತು. ಬಹುಶಃ ನಾಳೆಗೆ ಶೆಡ್ಡೂ ಇರಲಿಕ್ಕಿಲ್ಲ, ಅಥವಾ ಇನ್ನೂ ಹನ್ನೆರಡು ಬಾಣಲೆ ಬರಬಹುದು, ಹೇಳಲಾಗದು. ಆದರೆ ಬಾಣಲೆ ಖಾಲಿಯಾಗಿತ್ತು, ತಟ್ಟೆ ಹಿಡಿದವರು ಕಾಯುತ್ತಿದ್ದರು, ಪರದೆಯ ಹಿಂದೆ ಇನ್ನೂ ಹದಿನೇಳು ಡಬ್ಬಗಳಿದ್ದವು.

ಮೇಸ್ತ್ರಿ ಇನ್ನೂ ಗಾಜಾದ ಹಾಳೆ ಹಿಡಿದು ನಿಂತಿದ್ದ. ಸೌಟಕ್ಕ ಅತ್ತೆಯ ಕೈಯಿಂದ ಜಾಲರಿ ತೆಗೆದುಕೊಂಡು ಅವನ ಹೆಗಲಿಗೆ ತಟ್ಟಿದಳು.

"ಒಳಗಿಂದ ಒಂದು ಡಬ್ಬ ತಗೊಂಡು ಬಾರಯ್ಯ. ಗಿರಾಕಿಗಳು ಕಾಯ್ತಿದಾರೆ."

ಮೇಸ್ತ್ರಿ ಧಣಿಯ ಕಡೆ ನೋಡಿದ. ಧಣಿಯ ಬೆನ್ನು ಮಾತ್ರ ಕಂಡಿತು. ಹಾಳೆಯನ್ನು ಮಡಚಿ ಜೇಬಿಗಿಟ್ಟು, ಪರದೆ ಸರಿಸಿ ಒಳಗೆ ಹೋದ.